ಹಿರಿಯರ ಸಾಲಿನ ಫ್ರಾಕು

ರಾಯಾಪುರ, ಸೆಪ್ಟೆಂಬರ್ ೧೬

ಪ್ರೀತಿಯ ಗುರುಪಾದ,

…ಸತ್ತಳು ಅಂದುಬಿಟ್ಟರೆ ಹೆಂಡತಿಯಾದವಳು ಮತ್ತೇನೂ ಕೇಳುವುದಿಲ್ಲ, ಹೀಗೇ ಏನೋ ಅಂದಳು ಅವ್ವ. ಮಾತು ಪೂರ್ತಿ ನೆನಪಿಲ್ಲ. ಅನ್ನುವಾಗ ಅವಳು ಟಿವಿಯಿಂದ ಕಣ್ಣು ತೆಗೆದಿರಲಿಲ್ಲ. ಇರಲಿ, ಮೊದಲು ನೀನು ಹೇಗಿದ್ದೀ? ಕೊಲಂಬೊದ ಸೆಕೆಗೆ ಹೊಟ್ಟೆಯುರಿ ಮತ್ತೆ ಶುರುವಾಯಿತೇ? ಉಳ್ಳಾಗಡ್ಡಿ ವ್ಯಾಪಾರವೆಂದು ಊಟದ ಹೊತ್ತು ತಪ್ಪಿಸಬೇಡ. ಅವ್ವನ ಮೊಣಕಾಲು ಹಾಗೇ ಇದೆ. ಫೋನಿನಲ್ಲಿ ಮಾತಾಡಿದರೆ ಅವಳ ಕಿವಿಗೆ ಬೀಳುತ್ತದೆ, ನಿನಗೆ ಹೇಳಬಾರದೆಂದು ಬೇರೆ ಅಂದಿದ್ದಾಳೆ. ಅದಕ್ಕೇ ಈ ಪತ್ರ. ನಾಳೆ ಅಲ್ಲಿಗೆ ಹೊರಡುವ ಅಂಗಡಿಯ ಶಿದ್ದಪ್ಪ ಕಾಕಾ ತರುತ್ತಾರೆ.

ಮೊನ್ನೆ ಮಧ್ಯಾಹ್ನ ಟಿವಿಯಲ್ಲಿ ಒಂದು ಸಿನಿಮಾ ಬಂತು. ಯಾವುದೋ ದೇಶದ ಅಂತರ್ಯುದ್ಧ. ಊರು ಉರಿಯುವಾಗ ಒಬ್ಬ ವ್ಯಾಪಾರಿ ಅಲ್ಲಿ ಕಟ್ಟಿಕೊಂಡ ಹೆಂಗಸನ್ನೂ ಮಗಳನ್ನೂ ಬಿಟ್ಟು ಹಡಗು ಹತ್ತುತ್ತಾನೆ. ತನ್ನೂರಿನ ಮನೆಗೆ ಬಂದು ಹೆಂಡತಿಗೆ, ಇಬ್ಬರೂ ತೀರಿಹೋದರು ಎನ್ನುತ್ತಾನೆ. ಕೊನೆಗೆ ಆ ಮಗಳು ತಲೆ ನರೆತ ಹೆಂಗಸಾಗಿ ಬಂದು ಬಾಗಿಲು ಬಡಿಯುತ್ತಾಳೆ. ನಟನೆ ಅತಿಯಾಯಿತು ಎಂದುಕೊಳ್ಳುತ್ತಿದ್ದೆ. ಪಕ್ಕದಲ್ಲಿ ಅವ್ವ ಶೇಂಗಾ ಸುಲಿಯುವುದನ್ನು ನಿಲ್ಲಿಸಿದ್ದಳು.

ಮಹಾನವಮಿ ಅಮಾವಾಸ್ಯೆಗೆ ತೀರಿಹೋದ ಹಿರಿಯರಿಗೆ ಸಾಲಾಗಿ ಬಟ್ಟೆ, ಎಡೆ ಇಡುವಾಗ ಅಜ್ಜಿಯ ಸೀರೆಯ ಮಗ್ಗುಲಿಗೆ ಒಂದು ಹೊಸ ಫ್ರಾಕು ಇರುತ್ತದಲ್ಲ? ಹೆಸರಿಡುವ ಮೊದಲೇ ಹೋದ ನಮ್ಮ ತಂಗಿಯದು ಎಂದು ನಾವು ತಿಳಿದಿದ್ದೆವು. ಅಂಥ ತಂಗಿಯೇ ಇರಲಿಲ್ಲವಂತೆ, ಅವ್ವನೇ ಹೇಳಿದಳು. "ನಿಮ್ಮಪ್ಪ ಮೆಣಸಿನಕಾಯಿ ಮಾರಾಕ ಕೊಲಂಬೊಕ್ಕ ಹೋಗಿದ್ರಲ್ಲ, ಅಲ್ಲೊಂದು ಮನಿ ಮಾಡಿದ್ರವಾ. ಎಂಬತ್ಮೂರರಾಗ ಅಲ್ಲಿ ತಮಿಳರ ಮನಿಗೆ ಬೆಂಕಿ ಹಚ್ಚಿದ ಗಲಾಟಿಯೊಳಗ ಓಡಿ ಬಂದು, ಆಕೀನೂ ಇಲ್ಲ, ಕೂಸು ಸೌಂದರ್ಯಾನೂ ಇಲ್ಲ ಅಂದ್ರು. ನಾ ಖರೇ ಅಂತ ತಿಳದೆ. ಸವತಿ ಮಗಳಾದ್ರೇನು, ಹಬ್ಬದ ದಿನ ಉಪಾಸ ಇರಬಾರ್ದು ಅಂತ ಎಡಿ ಇಟ್ಟೆ."

ಸಿನಿಮಾ ನೋಡಿ ಅಪ್ಪ ಸುಳ್ಳು ಹೇಳಿದರೆಂದು ತಿಳಿಯಬಾರದು, ನಿಜಕ್ಕೂ ಸತ್ತಿರಬಹುದು ಎಂದೆ. ಅವ್ವ ನನ್ನ ಮುಖ ನೋಡಿದಳು. "ಶಾಣ್ಯಾಕಿ ನೀ. ನಿಮ್ಮಪ್ಪ ಹಿರ್ಯಾರ ಸಾಲಿನ್ಯಾಗ ಎಲ್ಲಾರಿಗೂ ಕೈ ಮುಗೀತಿದ್ರು. ಆ ಫ್ರಾಕಿಗೆ ಒಂದ್ ಸಲಾನೂ ಮುಗೀಲಿಲ್ಲ. ನಾಚಿಕಿ ಇದ್ದೀತು ಅಂದ್ಕೊಂಡಿದ್ದೆ."

ಅವರು ಕೈ ಮುಗಿಯದಿದ್ದದ್ದು ನನಗೂ ನೆನಪಿದೆ. ಈಗ ಅಪ್ಪನ ಧೋತರವೂ ಅದೇ ಸಾಲಿನಲ್ಲಿದೆ, ಫ್ರಾಕಿನ ಮಗ್ಗುಲಿಗೇ. ಆ ಫ್ರಾಕು ಮಾತ್ರ ಎಂದೂ ದೊಡ್ಡದಾಗಲಿಲ್ಲ. ಬದುಕಿದ್ದರೆ ಅವಳು ನಿನಗಿಂತ ಎರಡೇ ವರ್ಷ ಚಿಕ್ಕವಳು. ಬದುಕಿರುವವಳಿಗೆ ನಾವು ಇಷ್ಟು ವರ್ಷ ಸತ್ತವರ ಎಡೆ ಇಟ್ಟೆವೇ ಎಂದು ಅವ್ವ ಊಟ ಬಿಟ್ಟಿದ್ದಾಳೆ.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವನ ಆಶೀರ್ವಾದವನ್ನು ಅವಳನ್ನು ಕೇಳದೆಯೇ ಕಳಿಸುತ್ತಿದ್ದೇನೆ.

ನಿನ್ನ ಅಕ್ಕ,
ನಾಗರತ್ನಾ

ತಾ.ಕ.: ಅವ್ವ ಈಗಷ್ಟೇ ದುರ್ಗದಬೈಲಿನ ಪೇಟೆಯಿಂದ ಬಂದಳು. ಈ ವರ್ಷ ಫ್ರಾಕು ತಂದಿಲ್ಲ. ಒಂದು ಇಳಕಲ್ ಸೀರೆ ತಂದು, "ಗುರುಪಾದಗ ಮುಟ್ಟಸ್ರಿ" ಎಂದು ಪತ್ರ ಒಯ್ಯಲು ಬಂದ ಕಾಕಾ ಅವರ ಚೀಲಕ್ಕೆ ಹಾಕಿದಳು. ಯಾರಿಗೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸೌಂದರ್ಯಾಳನ್ನು ಹುಡುಕುತ್ತೀಯಲ್ಲ? ಅಮಾವಾಸ್ಯೆ ಬರುವ ಭಾನುವಾರವೇ. ಅಷ್ಟರಲ್ಲಿ ನಿನ್ನಿಂದ ಏನೂ ತಿಳಿಯದಿದ್ದರೆ, ಅಪ್ಪನ ಧೋತರದ ಮಗ್ಗುಲಿನ ಜಾಗ ಖಾಲಿ ಬಿಡಲೇ, ಗುರುಪಾದ?