ಎರಡನೇ ಸಲದ ರಕ್ತ

ಶಹಾಬಾದ
12 ನವೆಂಬರ್ 2025, ಬುಧವಾರ

ಮಗಳೇ ದ್ರೌಪದಿ,

ನಿನ್ನ ಮೊಣಕಾಲು ನೋವು ಹೇಗಿದೆ? ತ್ರಿಪುರಾದ ಗಡಿ ಕಾವಲಿನಲ್ಲಿ ದಿನವಿಡೀ ನಿಲ್ಲುವ ಕೆಲಸ ನಿನ್ನದು. ಸಂಗಡಿಗರು ನಕ್ಕರೂ ಔಡಲೆಣ್ಣೆ ಹಚ್ಚುವುದು ಬಿಡಬೇಡ. ನಿಮ್ಮ ಠಾಣೆಯ ಫೋನು ಅರ್ಧ ಮಾತಿಗೇ ಕಡಿದುಹೋಗುತ್ತದೆ. ಇದು ಅರ್ಧ ಕೇಳಿದರೆ ಹೆದರುವಂಥ ಸುದ್ದಿ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಪ್ಪನ ಹೆಸರಿನಲ್ಲಿ ಪ್ರಯೋಗಾಲಯಕ್ಕೆ ಹೋದ ಎರಡನೇ ಸಲದ ರಕ್ತದಲ್ಲಿ ಕ್ಯಾನ್ಸರಿನ ಗುರುತು ಒಂದೂ ಇಲ್ಲ. ಆದರೆ ಅದು ನಿಮ್ಮಪ್ಪನ ರಕ್ತವೇ ಅಲ್ಲ. ಇದನ್ನು ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಫೋನು ಮಾಡಿ ತಿಳಿಸಿದವಳು ಕಲಬುರಗಿ ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಉಜ್ಮಾ. “ಕಾಕಾ, ಆ ರಕ್ತ ಯಾರದು ಹೇಳ್ರಿ. ನಾ ಬೈಯಾಕತ್ತಿಲ್ಲ, ಕೇಳಾಕತ್ತೀನಿ” ಅಂದಳು. ನನ್ನದು ಅಂದೆ.

ಮೊದಲಿನಿಂದ ಹೇಳುತ್ತೇನೆ. ಶ್ವಾಸಕೋಶದ ಗಡ್ಡೆಯಿಂದ ಸಣ್ಣ ಸಣ್ಣ ಚೂರುಗಳು ರಕ್ತಕ್ಕೆ ಬಂದು ಸೇರುತ್ತವಂತೆ. ನಿಮ್ಮಪ್ಪನಿಗೆ ಕೊಡುತ್ತಿರುವುದು ದೇಹದ ರಕ್ಷಣಾ ಶಕ್ತಿಯನ್ನೇ ಗಡ್ಡೆಯ ಮೇಲೆ ಎಬ್ಬಿಸುವ ಔಷಧ. ಅದು ಎಲ್ಲರಿಗೂ ಹತ್ತುವುದಿಲ್ಲ, ಕೆಲವರಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಯಾರಿಗೆ ಹತ್ತುತ್ತಿದೆ ಎಂಬುದು ಸ್ಕ್ಯಾನಿಗಿಂತ ಮೊದಲೇ ರಕ್ತದಲ್ಲಿ ಕಾಣುತ್ತದೆಯೇ ಎಂದು ಅಲ್ಲಿ ಅಧ್ಯಯನ ನಡೆದಿದೆ. ಔಷಧ ಶುರುವಾಗುವ ಮುಂಚೆ ಒಮ್ಮೆ, ಮೂರು ವಾರಕ್ಕೆ, ಎರಡನೇ ಡೋಸಿಗೆ ಮುಂಚೆ, ಇನ್ನೊಮ್ಮೆ ರಕ್ತ ತೆಗೆಯುತ್ತಾರೆ. ಚೂರುಗಳು ಕಡಿಮೆಯಾಗಿದ್ದರೆ ಒಳ್ಳೆಯ ಸೂಚನೆ. ನಿಮ್ಮಪ್ಪ ಒಪ್ಪಿ ಸಹಿ ಹಾಕಿದ್ದ. ಅಕ್ಟೋಬರ್ ಮೂರರಂದು ಕೊಟ್ಟ ರಕ್ತದಲ್ಲಿ ಚೂರುಗಳು ಬಹಳ ಇದ್ದವು.

ಇಪ್ಪತ್ನಾಲ್ಕರಂದು ಹೋದಾಗ ಉಜ್ಮಾ ರಜೆಯಲ್ಲಿದ್ದಳು, ಹೊಸಬರೊಬ್ಬರು ಕುಳಿತಿದ್ದರು. ಜಗದೇವಪ್ಪ ಎಂದು ಹೆಸರು ಕರೆದಾಗ ನಿಮ್ಮಪ್ಪ ಬೆಂಚಿನಿಂದ ಏಳಲೇ ಇಲ್ಲ. ಫೈಲನ್ನು ನನ್ನ ಮಡಿಲಿಗೆ ಹಾಕಿ, “ನೀ ಹೋಗೋ ಸಿದ್ಯಾ. ನಿನ್ನ ರಕ್ತ ಚೊಲೊ ಅದ. ನಂದು ಕೆಟ್ಟದ್ದು ಗೊತ್ತಾದ್ರ ಔಷಧ ಬಂದ್ ಮಾಡ್ತಾರ” ಅಂದ. ಅಣ್ಣತಮ್ಮ ನಮ್ಮಿಬ್ಬರ ಮುಖ ಒಂದೇ ಎಂದು ನೀನೇ ಸಣ್ಣವಳಿದ್ದಾಗ ನನ್ನನ್ನು ಅಪ್ಪಾ ಎಂದು ಕರೆದು ಓಡಿ ಬರುತ್ತಿದ್ದೆ. ಹೋಗಿ ತೋಳು ಚಾಚಿದೆ. ಅವನು ದುಡಿದ ಕಲ್ಲು ಪಾಲಿಶ್ ಘಟಕದಲ್ಲಿ ಇದು ಹೊಸದಲ್ಲ. ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ತೆಗೆಯುವ ದಿನ ಕೆಮ್ಮುವವನು ತನ್ನ ಬದಲು ಕೆಮ್ಮದವನನ್ನು ಕಳಿಸುವುದು ಅಲ್ಲಿಯ ಮಂದಿಯ ರೂಢಿ. ಕೆಮ್ಮು ಹೊರಬಿದ್ದರೆ ಕೆಲಸ ಹೋಗುತ್ತಿತ್ತು.

ಆದರೆ ಹುಟ್ಟಿನಿಂದ ಒಬ್ಬೊಬ್ಬರ ರಕ್ತಕ್ಕೂ ಬೇರೆ ಬೇರೆ ಗುರುತು ಇರುತ್ತದಂತೆ. ಅಣ್ಣತಮ್ಮಂದಿರದೂ ಒಂದೇ ಅಲ್ಲ. ಪ್ರಯೋಗಾಲಯದವರು ಎರಡೂ ರಕ್ತವನ್ನು ಪಕ್ಕದಲ್ಲಿಟ್ಟು ನೋಡಿ ಹಿಡಿದರು. ನಿನ್ನೆ ಮಧ್ಯಾಹ್ನವೇ ಹೋಗಿ ಡಾಕ್ಟರ ಮುಂದೆ ನಿಂತೆವು. ಅವರು ಸಿಟ್ಟಾಗಲಿಲ್ಲ. ಈ ಪರೀಕ್ಷೆಯೊಂದನ್ನೇ ನೋಡಿ ಯಾರ ಔಷಧವನ್ನೂ ನಿಲ್ಲಿಸುವುದಿಲ್ಲ, ಸ್ಕ್ಯಾನ್ ಮತ್ತು ಉಸಿರು ಎರಡನ್ನೂ ನೋಡಿ ತೀರ್ಮಾನಿಸುತ್ತೇವೆ ಎಂದರು. ಆದರೆ ಸುಳ್ಳು ರಕ್ತ ನಂಬಿ, ಹತ್ತದ ಔಷಧವನ್ನೇ ಮುಂದುವರಿಸಿದ್ದರೆ ನಷ್ಟ ರೋಗಿಗೇ ಎಂದೂ ಹೇಳಿದರು. ನಿಮ್ಮಪ್ಪ ತಲೆ ತಗ್ಗಿಸಿ ಕುಳಿತಿದ್ದ. ಹೊರಗೆ ಬಂದು, “ಇಪ್ಪತ್ತು ದಿನ ಭಾಳ ಹೆದರಿದ್ದೆ, ಸಿದ್ಯಾ. ಸುಳ್ಳಿನ ರಿಪೋರ್ಟಿಗೇ ಖುಷಿ ಪಡಬೇಕಾಗ್ತಿತ್ತಲ್ಲ” ಅಂದ. ಅವನ ಕೈ ಹಿಡಿದುಕೊಂಡೆ. ಕಲ್ಲು ಹಿಡಿದ ಕೈ, ಇನ್ನೂ ಒರಟೇ ಇದೆ.

ಮನೆಯಲ್ಲಿ ನಿಮ್ಮವ್ವ ಕಾಯುತ್ತಿದ್ದಳು. ವಿಷಯ ಕೇಳಿ, “ಅಣ್ಣತಮ್ಮ ಕೂಡಿ ಡಾಕ್ಟರಿಗೆ ಟೋಪಿ ಹಾಕ್ಲಿಕ್ಕೆ ಹೋಗಿದ್ರಿ. ರಕ್ತ ಚಾಡಿ ಹೇಳ್ತು ನೋಡ್ರಿ” ಎಂದು ನಕ್ಕಳು. ಆಮೇಲೆ ಒಳಗೆ ಹೋಗಿ ಅತ್ತಳು. ಈಗ ಸಮಾಧಾನವಾಗಿದ್ದಾಳೆ. ನಿಮ್ಮಪ್ಪ ನಿನ್ನೆ ಒಂದೂವರೆ ರೊಟ್ಟಿ ತಿಂದ, ಹೋದ ವಾರ ಒಂದೇ ತಿನ್ನುತ್ತಿದ್ದ. ಇದನ್ನು ಗುಣವೆಂದು ನಾನು ಹೇಳುತ್ತಿಲ್ಲ, ಕಂಡದ್ದು ಬರೆದಿದ್ದೇನೆ.

ವೇಳೆಗೆ ಸರಿಯಾಗಿ ಉಣ್ಣು, ಕಾಲು ನೋಡಿಕೋ. ಮನೆಯವರೆಲ್ಲರ ಆಶೀರ್ವಾದ ನಿನ್ನ ಮೇಲಿದೆ.

ನಿನ್ನ ಕಾಕಾ
ಸಿದ್ಧಲಿಂಗ

ಮತ್ತೆ: ಲಕೋಟೆ ಅಂಟಿಸುವ ಮುಂಚೆ ಇದನ್ನು ಸೇರಿಸುತ್ತಿದ್ದೇನೆ. ಮೂವತ್ತು ವರ್ಷ ವಾಡಿ ಸ್ಟೇಷನ್ನಿನಲ್ಲಿ ಪೇಪರ್ ಮಾರಿದವನು ನಾನು, ಅರ್ಧ ಸುದ್ದಿ ಕಳಿಸಬಾರದು. ಎಕ್ಸ್‌ರೇ ಮಾತನ್ನು ಬೇರೆ ಮಂದಿಯ ರೂಢಿ ಎಂಬಂತೆ ಬರೆದೆ. ನಿಮ್ಮಪ್ಪ ಘಟಕದಲ್ಲಿ ದುಡಿದ ಕೊನೆಯ ಆರು ವರ್ಷದ ಎಕ್ಸ್‌ರೇಗಳಲ್ಲಿ ಇರುವುದು ನನ್ನ ಎದೆ. ಅವನು ಕೇಳಿದ, ನಾನು ಹೋಗಿ ನಿಂತೆ. ಅವನದೇ ಎದೆ ತೋರಿಸಿದ್ದರೆ ಆಗಲೇ ಗೊತ್ತಾಗುತ್ತಿತ್ತೇ ಎಂದು ನಿನ್ನೆ ಡಾಕ್ಟರಿಗೆ ಕೇಳಿದೆ. ಈಗ ಹೇಳಲು ಬರುವುದಿಲ್ಲ ಎಂದರು. ಬೈಯುವುದಿದ್ದರೆ ನನಗೆ ಬರೆ, ಅವನಿಗೆ ಬೇಡ. ಶುಕ್ರವಾರ ಹದಿನಾಲ್ಕಕ್ಕೆ ಬೆಳಿಗ್ಗೆ ಒಂಬತ್ತೂವರೆಗೆ ಉಜ್ಮಾ ಅವನದೇ ತೋಳಿನಿಂದ ರಕ್ತ ತೆಗೆಯುತ್ತಾಳೆ. ಹನ್ನೊಂದಕ್ಕೆ ಮೂರನೇ ಡೋಸ್.