ಅಜ್ಜಿಗೆ ಇವತ್ತು ಎಲೆ ಅಡಿಕೆ ಬೇಡ

ರಜನಿ,

ಹಾಲು ಡೈರಿಗೆ ಹಾಕಿ ಬಂದೆ. ಅಜ್ಜಿಯ ಹೊಟ್ಟೆಹುಣ್ಣಿನ ಮಾತ್ರೆ ಮುಗಿದಿದೆ, ತರೋಕೆ ಏಳರ ಬಸ್ಸಿಗೆ ಮುಳಬಾಗಿಲಿಗೆ ಹೋಗ್ತಿದ್ದೀನಿ. ನಿನ್ನನ್ನು ಎಬ್ಬಿಸೋಕೆ ಮನಸ್ಸಾಗಲಿಲ್ಲ.

ಗಂಜಿ ಆರಿಸಿಟ್ಟಿದ್ದೀನಿ. ಗಂಟೆಗೊಮ್ಮೆ ಅರ್ಧ ಲೋಟ ಕೊಡು. ಕುಡಿದ ಕೂಡಲೇ ಮಲಗಿಸಬೇಡ, ಬೆನ್ನಿಗೆ ಎರಡು ದಿಂಬು ಕೊಟ್ಟು ಕೂರಿಸು. ಮಂಡಿನೋವು ಅಂದರೆ ಎಣ್ಣೆ ಹಚ್ಚು, ಅಷ್ಟೇ. ಅಂಗಡಿಯ ನೋವಿನ ಮಾತ್ರೆ ನುಂಗಿ ನುಂಗಿಯೇ ಹೋದ ವಾರ ರಕ್ತ ಕಾರಿಕೊಂಡಿದ್ದು.

ಎಲೆ ಅಡಿಕೆ ಚೀಲ ನನ್ನ ಜೊತೆ ತಗೊಂಡು ಹೋಗ್ತಿದ್ದೀನಿ. "ನಿಮ್ಮಮ್ಮ ಜಿಪುಣಿ, ಪಕ್ಕದ್ಮನೇಲಿ ಒಂದೆಲೆ ಇಸ್ಕೊಂಡು ಬಾರೇ ಬಂಗಾರ" ಅಂತಾರೆ. ಕರಗಬೇಡ ಕಣೇ. ಬೆಳಿಗ್ಗೆ ಅವರು ಉಗಿಯೋ ಬಟ್ಟಲು ತೊಳೆಯೋಕೆ ತಗೊಂಡರೆ ಪೂರ್ತಿ ಕೆಂಪಗಿತ್ತು. ಎಲೆಯ ರಸವೋ ರಕ್ತವೋ ತಿಳಿಯದೆ ಬಚ್ಚಲಲ್ಲಿ ನಿಂತುಬಿಟ್ಟೆ. ಆಮೇಲೆ ಅವರಿಗೆ ಬಾಯಿ ಮುಕ್ಕಳಿಸಿ ಉಗಿಯೋಕೆ ಹೇಳಿದೆ, ಕೆಂಪಿರಲಿಲ್ಲ. ದಿಂಬಿನ ಕೆಳಗೆ ಅಡಿಕೆ ಚೂರೂ ಸಿಕ್ಕಿತು. ಆಸ್ಪತ್ರೆಯ ಸಿಸ್ಟರ್‌ಗೆ ಫೋನ್ ಮಾಡಿದೆ. ಎಲೆ ಹಾಕಿಕೊಂಡರೆ ನಿಜವಾಗಿ ರಕ್ತ ಬಂದರೂ ನಿಮಗೆ ಗೊತ್ತಾಗಲ್ಲ ಅಂದರು. ಅದಕ್ಕೇ ಚೀಲ ತಗೊಂಡು ಹೋಗ್ತಿರೋದು.

ಅವರು ಕಕ್ಕಸಿಗೆ ಹೋಗಿ ಬಂದರೆ ನೀರು ಹಾಕುವ ಮೊದಲು ನೀನು ನೋಡು. ಅಸಹ್ಯ ಪಡಬೇಡ ತಾಯಿ. ಡಾಂಬರಿನ ಹಾಗೆ ಕಪ್ಪಗಿದ್ದರೆ ಅದೂ ಹೊಟ್ಟೆಯೊಳಗಿನ ರಕ್ತವೇ. ಹಾಗಿದ್ದರೆ, ಇಲ್ಲಾ ಬಟ್ಟಲಲ್ಲಿ ಕೆಂಪು ಕಂಡರೆ, ನನ್ನ ಹಾಗೆ ನೋಡುತ್ತಾ ನಿಲ್ಲಬೇಡ. ಮೊದಲು 108ಕ್ಕೆ ಫೋನ್ ಮಾಡು, ಆಮೇಲೆ ನನಗೆ. ಎಲೆಯ ರಸಕ್ಕೆಲ್ಲ ಆಂಬುಲೆನ್ಸ್ ಕರೆಸ್ತೀರಾ ಅಂತ ಅವರು ಬೈದರೆ, ಬೈಸಿಕೊಳ್ಳೋಕೆ ನಾನಿದ್ದೀನಿ.

ಅಮ್ಮ