ಹಳದಿಯಾಗದ ಕುಂಕುಮ

ಜುಲೈ 8, ಮಂಗಳವಾರ

ಕಾಫಿ, ಊಟದ ಡಬ್ಬಿ, ಲಿಂಕ್ಡ್‌ಇನ್. ಬೆಳಗು ಇದೇ ಕ್ರಮದಲ್ಲಿ. ಹಾಕಿದ ಅರ್ಜಿಗಳಿಗೆಲ್ಲ ಒಂದೇ ಉತ್ತರ — ನಿಮ್ಮ ಆಸಕ್ತಿಗೆ ಧನ್ಯವಾದ. ಧನ್ಯವಾದ ಯಾರಿಗೆ ಬೇಕು, ಕೆಲಸ ಕೊಡಿ.

ಮದ್ರಾಸಿನ ಪಲ್ಲಾವರಂ ಹತ್ತಿರದ ಕಾಸ್ಮೆಟಿಕ್ಸ್ ಫ್ಯಾಕ್ಟರಿ ಮುಚ್ಚಿದಾಗಿನಿಂದ ಇದೇ ಹಾಡು. ಅಲ್ಲಿಯ ಲ್ಯಾಬಿನಲ್ಲಿ ಬಣ್ಣ ಪರೀಕ್ಷೆ ಮಾಡುತ್ತಿದ್ದೆ. ಈಗ ವೇಲಚೇರಿಯ ಮನೆಯಲ್ಲಿ ಸಾರಿನ ಉಪ್ಪು ಪರೀಕ್ಷೆ.

ಊಟಕ್ಕೆ ಕೂತಾಗ ಮಾವನವರು ಮತ್ತೆ ಅದೇ ಮಾತು ತೆಗೆದರು. ತಮಿಳರ ಆಡಿ ತಿಂಗಳು ಬರುತ್ತಿದೆ, ಊರಿನ ಅಮ್ಮನ ಗುಡಿಗಳಿಗೆಲ್ಲ ಕುಂಕುಮ ಬೇಕು, ಪ್ಯಾರೀಸ್ ಕಾರ್ನರಿನ ತಮ್ಮ ಕುಂಕುಮದ ಅಂಗಡಿಯಲ್ಲಿ ಕೈ ಸಾಲುವುದಿಲ್ಲ, ಬಂದು ಬಿಲ್ ಹಾಕು ಅಂತ. ಆಗಸ್ಟ್ ಮಧ್ಯಕ್ಕೆ ಆಡಿ ಮುಗಿಯುವುದರೊಳಗೆ ಲ್ಯಾಬ್ ಕೆಲಸ ಸಿಗದಿದ್ದರೆ ಬರುತ್ತೇನೆ ಎಂದುಬಿಟ್ಟೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ. ಗಂಡ ಎನಿಸಿಕೊಂಡ ರುದ್ರಮುನಿ ಮೊಸರನ್ನ ಕಲಸುತ್ತಲೇ ಇದ್ದರು. ಅಪ್ಪನ ಎದುರು ಅವರ ಬಾಯಿ ಊಟಕ್ಕೆ ಮಾತ್ರ.

ಅಂಗಡಿ ಕೆಟ್ಟದ್ದಲ್ಲ. ಆದರೆ ನನಗೆ ಲ್ಯಾಬ್ ಬೇಕು. ಅಷ್ಟೆ.

ಜುಲೈ 11

ಜಯಲಕ್ಷ್ಮೀಗೆ ಫೋನ್ ಮಾಡಿದೆ. ಹಳೆಯ ಫ್ಯಾಕ್ಟರಿಯ ಎಚ್‌ಆರ್. ನನ್ನ ಪ್ರೊಫೈಲ್ ನೋಡಿ ತಮಿಳಿನಲ್ಲಿ ಚೆನ್ನಾಗಿ ಬೈದಳು. ಫೋಟೋ ಸುತ್ತ ಹಸಿರು ಪಟ್ಟಿ ಹಾಕಿಕೊಂಡು ಕೆಲಸ ಬೇಕು, ಕೆಲಸ ಬೇಕು ಎಂದರೆ ಯಾರೂ ತಿರುಗಿ ನೋಡುವುದಿಲ್ಲವಂತೆ. ಏನು ಬರುತ್ತದೋ ಅದನ್ನು ಮಾಡಿ ತೋರಿಸು, ಲ್ಯಾಬ್ ನಡೆಸುವವರ ಕಣ್ಣಿಗೆ ಬೀಳಬೇಕು ಎಂದಳು.

ಸರಿ. ತೋರಿಸೋಣ.

ಜುಲೈ 13, ಭಾನುವಾರ

ನನ್ನ ಪೇಜಿನಲ್ಲಿ ಮೊದಲ ವಿಡಿಯೋ. ಅರಿಶಿನ ಪುಡಿಯ ಕಲಬೆರಕೆ ಕಂಡುಹಿಡಿಯುವುದು. ಫೋನನ್ನು ಸಾಸಿವೆ ಡಬ್ಬಕ್ಕೆ ಒರಗಿಸಿ ಶೂಟಿಂಗ್. ಲೈಕ್ ಹಾಕಿದವರೆಲ್ಲ ನಮ್ಮೂರು ಗದಗಿನ ನೆಂಟರು. ಒಬ್ಬರು ಕೈ ಮುಗಿಯುವ ಎಮೋಜಿ ಹಾಕಿದ್ದಾರೆ, ಯಾಕೋ ಗೊತ್ತಿಲ್ಲ.

ಸಂಜೆ ಕೆಳಗೊಂದು ಕಾಮೆಂಟ್. ಗುರುಚರಣ ಅಂತ, ಗಿಂಡಿಯ ಟೆಸ್ಟಿಂಗ್ ಲ್ಯಾಬೊಂದರ ಮ್ಯಾನೇಜರ್. ‘ಗುಡ್ ಮೆಥಡ್’ ಎಂದಷ್ಟೇ ಬರೆದಿದ್ದಾರೆ. ಅದನ್ನೇ ನೋಡುತ್ತಾ ನಿಂತು ಅನ್ನ ಸೀಯಿಸಿದೆ. ಸೀಯಲಿ.

ಜುಲೈ 18, ಆಡಿಯ ಮೊದಲ ಶುಕ್ರವಾರ. ಮಧ್ಯಾಹ್ನ



ಇವತ್ತು ಲೈವ್ ಮಾಡಿದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಮಾಡಿದ ಕುಂಕುಮವಾದರೆ ನಿಂಬೆರಸ ಬಿದ್ದಾಗ ಹಳದಿಗೆ ತಿರುಗಬೇಕು. ಬರೀ ಬಣ್ಣದ ಪುಡಿಯಾದರೆ ಕೆಂಪಾಗಿಯೇ ಇರುತ್ತದೆ. ಕೆಟ್ಟದ್ದು ತೋರಿಸಲು ಪಲ್ಲಾವರಂ ಸಂತೆಯಿಂದ ಅಗ್ಗದ ಕುಂಕುಮ ತಂದಿದ್ದೆ. ಒಳ್ಳೆಯದು ತೋರಿಸಲು ದೇವರ ಕೋಣೆಯ ಪೊಟ್ಟಣ — ನಮ್ಮ ಅಂಗಡಿಯದೇ. ‘ಶುದ್ಧ ಅರಿಶಿನ, ಸುಣ್ಣ’ ಎಂದು ಮಾವನವರೇ ಅಚ್ಚು ಹಾಕಿಸಿದ್ದು. ಮೊದಲೇ ಪರೀಕ್ಷೆ ಮಾಡಿ ನೋಡಲಿಲ್ಲ. ದೇವರ ಮುಂದಿನ ಕುಂಕುಮವನ್ನು ಯಾರು ಪರೀಕ್ಷೆ ಮಾಡುತ್ತಾರೆ?

ಸಂತೆಯದು ಕೆಂಪಾಗೇ ಉಳಿಯಿತು. ಗೊತ್ತಿದ್ದದ್ದೇ. ಪೊಟ್ಟಣವನ್ನು ಕ್ಯಾಮೆರಾ ಎದುರು ಹಿಡಿದು, ಈಗ ಅಸಲಿ ನೋಡಿ ಎಂದು ನಿಂಬೆ ಹಿಂಡಿದೆ. ಕೆಂಪು. ಇನ್ನೊಂದು ಹೋಳು. ಕೆಂಪೇ…

ಲೈವ್ ನಿಲ್ಲಿಸಬಹುದಿತ್ತು. ನೆಟ್ ಹೋಯಿತು ಎನ್ನಬಹುದಿತ್ತು. ಇದೂ ಹಳದಿ ಆಗಲಿಲ್ಲ ಎಂದೆ. ಕಂಡದ್ದನ್ನು ಹೇಳದಿದ್ದರೆ ಪರೀಕ್ಷೆ ಯಾಕೆ?

ಅದೇ ದಿನ, ಸಂಜೆ

ವಿಡಿಯೋ ವ್ಯಾಪಾರಿಗಳ ವಾಟ್ಸಾಪ್ ಗುಂಪಿಗೆಲ್ಲ ಹೋಗಿದೆ. ಮಾವನವರು ಅಂಗಡಿ ಬಿಟ್ಟು ಬಂದರು. ಚಪ್ಪಲಿಯನ್ನೂ ಬಿಡಲಿಲ್ಲ.

“ಶಿಲ್ಪಾ, ತೆಗೀ ಅದನ್ನ. ಸೀಜನ್‌ನ್ಯಾಗ ಅಂಗಡಿ ಮಾನ ಬೀದಿಗೆ ಹಾಕೀದಿ.”

ತಪ್ಪಿದ್ದರೆ ತೆಗೆಯುತ್ತೇನೆ ಎಂದೆ. ಅಷ್ಟರಲ್ಲಿ ಗುರುಚರಣ ಅವರ ಪ್ರಶ್ನೆ ಬಂದಿತ್ತು — ಸುಣ್ಣದ ಬದಲು ಬಿಳಿಗಾರ, ಅಂದರೆ ಬೋರಾಕ್ಸ್, ಹಾಕಿದ್ದರೆ ಅಸಲಿ ಅರಿಶಿನದ ಕುಂಕುಮವೂ ಹಳದಿಯಾಗದು, ಅದನ್ನು ನೋಡಿದಿರಾ? ಒಳ್ಳೆಯ ಪ್ರಶ್ನೆ. ಮಾವನವರಿಗೆ ಹೇಳಿದೆ. ಮುಖ ಅರಳಿತು. ಬಿಳಿಗಾರವೇ ಇರಬೇಕು ಎಂದರು. ಹಾಗೇ ಆಗಲಿ ಅಂತ ನನಗೂ ಅನಿಸಿತು, ನಿಜವಾಗಿ.

ಜುಲೈ 20, ಭಾನುವಾರ

ಫಿಲ್ಟರ್ ಪೇಪರ್ ಮೇಲೆ ಕುಂಕುಮದ ಚುಕ್ಕೆ, ಕಾಗದದ ತುದಿ ನೀರಿನಲ್ಲಿ. ಅರಿಶಿನದ ಬಣ್ಣ ನೀರಿಗೆ ಕರಗುವುದಿಲ್ಲ, ಇದ್ದಲ್ಲೇ ಇರುತ್ತದೆ. ಬಟ್ಟೆಗೆ ಹಾಕುವಂಥ ಬಣ್ಣವಾದರೆ ನೀರಿನ ಜೊತೆ ಮೇಲೇರುತ್ತದೆ. ಎಲ್ಲರೂ ಅಡುಗೆಮನೆಯಲ್ಲಿ ನಿಂತು ನೋಡಿದರು.

ಗುಲಾಬಿ ಗೆರೆ ಮೇಲೇರಿತು.

ಮಾವನವರು ಪೊಟ್ಟಣ ಎತ್ತಿಕೊಂಡು ಅದರ ಅಚ್ಚನ್ನೇ ಓದುತ್ತಾ ಕೂತರು. ಅವರಿಗೂ ಗೊತ್ತಿರಲಿಲ್ಲ. ಸಪ್ಲೈಯರ್ ಮಾತು ನಂಬಿ ಪೊಟ್ಟಣ ಕಟ್ಟಿಸುತ್ತಿದ್ದರು. ಪಾಪ ಅನಿಸಿತು. ಮಾಲು ವಾಪಸ್ ಕಳಿಸುತ್ತೇನೆ, ನೀನು ವಿಡಿಯೋ ತೆಗೆದುಹಾಕು ಎಂದರು. ಮಾಲು ಕಳಿಸಿ, ವಿಡಿಯೋ ಇರಲಿ ಎಂದೆ. ಈಗಾಗಲೇ ಕೊಂಡು ಹಚ್ಚಿಕೊಳ್ಳುತ್ತಿರುವವರಿಗೆ ಯಾರು ಹೇಳಬೇಕು?

ಆಗ ಅತ್ತೆ. ಅವರು ಮಾವನವರ ಮಾತು ಮೀರಿದ್ದನ್ನು ನಾನು ಈವರೆಗೆ ಕಂಡಿರಲಿಲ್ಲ. ಸೆರಗಿನಿಂದ ಹಣೆಯ ಕುಂಕುಮ ಒರೆಸಿಕೊಂಡರು. ಮುತ್ತೈದೆ ಹಾಗೆ ಮಾಡುವುದೆಂದರೆ… ಮಾವನವರು ಎದ್ದು ನಿಂತುಬಿಟ್ಟರು. ಒರೆಸಿದ ಜಾಗದಲ್ಲಿ ಕಪ್ಪು ಕಲೆ, ಸುತ್ತ ಸುಲಿದ ಚರ್ಮ.

“ನೋಡ್ರಿ ಇಲ್ಲೆ. ಮದ್ರಾಸ್ ನೀರು ಒಗ್ಗವಲ್ದು ಅಂತ ತಿಳ್ಕೊಂಡು ಇಷ್ಟು ವರ್ಷ ತುರಿಸಿಕೊಂಡೀನಿ. ಆಕಿ ಅದನ್ನ ತೆಗ್ಯಾಂಗಿಲ್ಲ.”

ವಿಭೂತಿ ಧರಿಸಿ ಬಂದು ರೊಟ್ಟಿ ಬಡಿಯತೊಡಗಿದರು. ಫೋನಿನಲ್ಲಿ ಶೂಟ್ ಮಾಡಿದ್ದ ಈ ಪರೀಕ್ಷೆಯ ವಿಡಿಯೋವನ್ನೂ ಹಾಕಿದೆ. ಕೊನೆಯಲ್ಲಿ ಹೇಳಿದೆ — ಇದು ನಮ್ಮದೇ ಅಂಗಡಿಯ ಪೊಟ್ಟಣ, ಮಾಲು ವಾಪಸ್ ಹೋಗುತ್ತಿದೆ, ಮನೆಯಲ್ಲಿದ್ದರೆ ಹಚ್ಚಬೇಡಿ.

ಆಗಸ್ಟ್ 4, ಸೋಮವಾರ

ಗಿಂಡಿಯಲ್ಲಿ ಇಂಟರ್‌ವ್ಯೂ. ಗುರುಚರಣ ಅವರೇ ಕರೆದದ್ದು, ವಿಡಿಯೋ ನೋಡಿ. ಬಾಗಿಲು ತೆರೆದರೆ ಲ್ಯಾಬಿನ ಆ ವಾಸನೆ, ಅಸಿಟೋನಿನದು. ಅಳು ಬರುವಷ್ಟು ಖುಷಿ. ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಯಾವಾಗ ಸೇರಬಹುದು ಎಂದೂ ಕೇಳಿದರು.

ಆಗಸ್ಟ್ 6

ಆಫರ್ ಬಂತು. ಜೊತೆಗೊಂದು ಷರತ್ತು. ಸೇರುವ ಮೊದಲು ಕುಂಕುಮದ ಆ ಎರಡೂ ವಿಡಿಯೋ ತೆಗೆದುಹಾಕಬೇಕು. ಕುಂಕುಮದ ವ್ಯಾಪಾರಿಗಳು ಕೆಲವರು ಲ್ಯಾಬಿನ ಗಿರಾಕಿಗಳಂತೆ. ನೋಡಿ ಕರೆದದ್ದೂ ಅವನ್ನೇ, ಅಳಿಸು ಎನ್ನುವುದೂ ಅವನ್ನೇ.

ಮನೆಯಲ್ಲಿ ಹಬ್ಬ. ಮಾವನವರು ಜಿಲೇಬಿ ತಂದರು. ಒಂದು ಸಲ ಬೆರಳು ಒತ್ತಿದರೆ ನಿನಗೆ ಕೆಲಸ, ನಮಗೆ ಮಾನ ಎನ್ನುತ್ತಾರೆ. ಮೊದಲು ಸೇರು, ಮಿಕ್ಕಿದ್ದು ಆಮೇಲೆ ಎಂದಳು ಜಯಲಕ್ಷ್ಮೀ. ನಿನಗೆ ಸರಿ ಕಂಡದ್ದು ಮಾಡು ಎಂದರು ರುದ್ರಮುನಿ. ಅದು ಬೆಂಬಲವೋ, ಜಾರಿಕೊಂಡದ್ದೋ ತಿಳಿಯಲಿಲ್ಲ. ಅತ್ತೆ ಮಾತ್ರ ಜಿಲೇಬಿ ಮುಟ್ಟಲಿಲ್ಲ.

ಸುಳ್ಳು ಯಾಕೆ ಬರೆಯಲಿ. ಡಿಲೀಟ್ ಮೇಲೆ ಬೆರಳಿಟ್ಟೆ. ತುಂಬಾ ಹೊತ್ತು. ಆ ಬಿಳಿ ಕೋಟು ಬೇಕು ನನಗೆ, ಬಹಳ ಬೇಕು.

ಬೆರಳು ತೆಗೆದೆ.

ಆಗಸ್ಟ್ 7, ಬೆಳಗ್ಗೆ

ಮೇಲ್ ಕಳಿಸಿದೆ. ಕೆಲಸ ಬೇಕು. ವಿಡಿಯೋ ತೆಗೆಯುವುದಿಲ್ಲ. ಪರೀಕ್ಷೆಯಲ್ಲಿ ತಪ್ಪಿದ್ದರೆ ತೋರಿಸಿ, ಅದೇ ಪೇಜಿನಲ್ಲಿ ತಿದ್ದಿ ಹಾಕುತ್ತೇನೆ. ಇವತ್ತು ಗಿರಾಕಿಗಾಗಿ ಇದನ್ನು ಅಳಿಸಿದರೆ, ನಾಳೆ ನಾನು ಸಹಿ ಹಾಕುವ ರಿಪೋರ್ಟನ್ನು ಯಾರು ನಂಬಬೇಕು?

ಮಾವನವರಿಗೂ ಹೇಳಿದೆ. ಹಾಗಾದರೆ ಆಡಿ ಮುಗಿದ ಮೇಲೆ ಅಂಗಡಿಗೆ ಬಾ ಎಂದರು. ಬರುತ್ತೇನೆ, ಮಾತು ಕೊಟ್ಟಿದ್ದೇನೆ. ಆದರೆ ಬಂದ ಮಾಲನ್ನೆಲ್ಲ ಪರೀಕ್ಷೆ ಮಾಡಿಯೇ ಬಿಲ್ ಹಾಕುವುದು ಎಂದೆ. ಅವರು ಪೇಪರ್ ಮಡಚಿ ಎದ್ದು ಹೋದರು.

11.20

ಫೋನ್. ಗುರುಚರಣ ಅವರದೇ. ಅತ್ತೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದಾರೆ. ಎತ್ತುವ ಮೊದಲು ಬರೆದಿಡುತ್ತೇನೆ, ಆಮೇಲೆ ಮನಸ್ಸು ಮೆತ್ತಗಾಗಬಾರದು. ಅವರು ಏನೇ ಹೇಳಲಿ, ನಾನು ವಿಡಿಯೋ ಅಳಿಸುವುದಿಲ್ಲ.